ಹಿಂದಿನ ಅಚ್ಚು

ಬೆಂಗಳೂರಿನಲ್ಲಿ ನನ್ನ ಟೀಮಿನಲ್ಲೊಬ್ಬ ಹುಡುಗ ಇದ್ದಾನೆ. ಅವನ ಲ್ಯಾಪ್‌ಟಾಪ್ ತೆರೆದರೆ ಮೊದಲು ಕಾಣುವುದು ಕಪ್ಪು ಬಣ್ಣದ ಡಾಡ್ಜ್ ಚಾರ್ಜರ್. ಅದನ್ನು ಕಣ್ಣಾರೆ ನೋಡಿಲ್ಲ, ನೋಡುವ ಅಂದಾಜೂ ಇಲ್ಲ, ಆದರೆ ಅದರ ಎಂಜಿನ್ ಎಷ್ಟು ಕುದುರೆಯದ್ದು, ಹಿಂದಿನ ಆ್ಯಕ್ಸಲ್ ಬದಲಾಯಿಸಿದರೆ ಎಷ್ಟು ಸೆಕೆಂಡ್ ಉಳಿಯುತ್ತದೆ ಅಂತೆಲ್ಲ ಬಾಯಿಪಾಠ. ಒಂದು ದಿನ ಟೀ ಕುಡಿಯುವಾಗ ನಾನು, "ನಾನೂ ಮನೆಯಲ್ಲಿ ಹಿಂದಿನ ಆ್ಯಕ್ಸಲ್ ಅಪ್‌ಗ್ರೇಡ್ ಮಾಡಿದ್ದೇನೆ ಮಾರಾಯ" ಎಂದೆ. ಅವನ ಕಣ್ಣು ಅರಳಿತು. "ಯಾವ ಗಾಡಿ?" ಕೇಳಿದ. "ಅಜ್ಜನ ಜೀಪು" ಅಂದೆ. ಅರಳಿದ ಕಣ್ಣು ಅಷ್ಟೇ ಬೇಗ ಮುದುಡಿತು.

ಅವನಿಗೆ ಆ ದಿನ ಹೇಳದೆ ಉಳಿದ ಕಥೆ ಇದು. ಜೀಪಿನದ್ದು ಅರ್ಧ, ಕಾರ್ಕಳದ್ದು ಅರ್ಧ. ನಡುವೆ ನನ್ನದೊಂದು ತಪ್ಪೂ ಉಂಟು.

ಮೊದಲು ಅವನ ಚಾರ್ಜರಿಗೂ ನಮ್ಮ ಜೀಪಿಗೂ ಇರುವ ನೆಂಟಸ್ತಿಕೆ ಹೇಳಿಬಿಡುತ್ತೇನೆ. 1964ರಲ್ಲಿ ಪಾಂಟಿಯಾಕ್ ಜಿಟಿಒ ಬಂದ ಮೇಲೆ ಅಮೆರಿಕದಲ್ಲಿ ಮಸಲ್ ಕಾರುಗಳ ಭರಾಟೆ ಶುರುವಾಯಿತು. ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಎಂಜಿನ್ ತುರುಕುವುದು, ಇಷ್ಟೇ ಸೂತ್ರ. ಆದರೆ ಎಂಜಿನ್ನಿನ ಬಲ ಕೊನೆಗೆ ನೆಲಕ್ಕೆ ಇಳಿಯಬೇಕಾದದ್ದು ಹಿಂದಿನ ಅಚ್ಚಿನ ಮೂಲಕ. ಅಚ್ಚು ಬಡವಾಗಿದ್ದರೆ ಹಲ್ಲು ಮುರಿಯುತ್ತದೆ. ಅದಕ್ಕೆ ಹೆಮಿ ಎಂಜಿನ್ನಿನ, ನಾಲ್ಕು ಗೇರಿನ ಚಾರ್ಜರುಗಳಿಗೆ ಡಾನಾ 60 ಎಂಬ ದೈತ್ಯ ಅಚ್ಚು ಹಾಕುತ್ತಿದ್ದರು. ನಮ್ಮ ಜೀಪಿನ ಹಿಂದೆ ಇರುವುದು ಡಾನಾ 44ರ ಮಾದರಿ. ಒಂದೇ ಮನೆತನದ ಅಣ್ಣ, ತಮ್ಮ. ಈ ಮನೆತನದ ಮೂಲಪುರುಷ ಕ್ಲಾರೆನ್ಸ್ ಸ್ಪೈಸರ್. ತಿರುಗುವ ಶಾಫ್ಟು ಓರೆಯಾದಾಗಲೂ ಬಲ ಸಾಗಿಸುವ ಯೂನಿವರ್ಸಲ್ ಜಾಯಿಂಟನ್ನು ಮೋಟಾರು ಗಾಡಿಗೆ ಒಗ್ಗಿಸಿ, 1904ರಲ್ಲಿ ಕಂಪನಿ ಕಟ್ಟಿದವನು. ಆಮೇಲೆ ಅದರ ಚುಕ್ಕಾಣಿ ಹಿಡಿದ ಚಾರ್ಲ್ಸ್ ಡಾನಾನ ಹೆಸರು 1946ರಲ್ಲಿ ಕಂಪನಿಗೇ ಬಂತು. ಹಾಗಾಗಿ ನಮ್ಮೂರ ಮೆಕ್ಯಾನಿಕ್ಕುಗಳ ಬಾಯಲ್ಲಿ ಇವತ್ತಿಗೂ ಒಬ್ಬರಿಗೆ ಅದು 'ಸ್ಪೈಸರ್', ಇನ್ನೊಬ್ಬರಿಗೆ 'ಡಾನಾ'.

ಆ್ಯಕ್ಸಲ್ಲಿಗೆ ಕನ್ನಡದಲ್ಲಿ ಅಚ್ಚು ಎನ್ನುವ ಪದ ಇದೆ ಎನ್ನುವುದು ನನಗೆ ಬಿ.ಇ. ಮುಗಿಯುವವರೆಗೂ ಹೊಳೆದಿರಲಿಲ್ಲ. ಬಂಡಿಯ ಅಚ್ಚು, ಅದರ ತುದಿಯಲ್ಲಿ ಗಾಲಿ ಕಳಚಿ ಹೋಗದಂತೆ ತಡೆಯುವ ಕಡೆಗೀಲು. ಜೇಡರ ದಾಸಿಮಯ್ಯನ ವಚನದಲ್ಲಿ ಕಡೆಗೀಲು ಬರುತ್ತದೆ ಅಂದರೆ ಎಷ್ಟು ಹಳೆಯ ಪದ ನೋಡಿ. ಎತ್ತಿನಗಾಡಿಯ ಅಚ್ಚು ತಿರುಗುವುದಿಲ್ಲ. ಗಾಲಿಗಳು ಮಾತ್ರ ಅದರ ಎರಡು ತುದಿಗಳಲ್ಲಿ ತಮ್ಮ ಪಾಡಿಗೆ ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ಸುತ್ತಬೇಕು, ಒಳಗಿನದ್ದು ಕಡಿಮೆ. ಬಂಡಿಗೆ ಇದು ಸಮಸ್ಯೆಯೇ ಅಲ್ಲ, ಎಳೆಯುವ ಎತ್ತು ಮುಂದೆ ಇದೆ, ಗಾಲಿಗಳು ಸುಮ್ಮನೆ ಹಿಂಬಾಲಿಸುತ್ತವೆ.

ಸಮಸ್ಯೆ ಶುರುವಾದದ್ದು ಗಾಲಿಯನ್ನೇ ತಿರುಗಿಸಿ ಗಾಡಿ ಓಡಿಸಲು ಹೊರಟಾಗ. ಎರಡು ಗಾಲಿಗಳನ್ನೂ ಒಂದೇ ಶಾಫ್ಟಿಗೆ ಬಿಗಿದರೆ ತಿರುವಿನಲ್ಲಿ ಒಂದು ಗಾಲಿ ನೆಲಕ್ಕೆ ಉಜ್ಜಿಕೊಂಡು ಹೋಗುತ್ತದೆ. ಇದಕ್ಕೆ ಪರಿಹಾರ ಕೊಟ್ಟವನು ಪ್ಯಾರಿಸ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕ್ಯೂರ್. 1820ರ ದಶಕದ ಕೊನೆಯಲ್ಲಿ ಉಗಿಬಂಡಿಗೆಂದು ಅವನು ಮಾಡಿದ ಡಿಫರೆನ್ಶಿಯಲ್, ಬಲವನ್ನು ಎರಡು ಗಾಲಿಗೂ ಹಂಚುತ್ತ, ಅವು ಬೇರೆ ಬೇರೆ ವೇಗದಲ್ಲಿ ತಿರುಗಲೂ ಬಿಡುತ್ತದೆ. ಒಳ್ಳೆಯ ಬುದ್ಧಿ. ಆದರೆ ಒಂದು ದೋಷ ಉಂಟು. ಒಂದು ಗಾಲಿ ಕೆಸರಿನಲ್ಲಿ ಜಾರಿದರೆ, ಗಟ್ಟಿ ನೆಲದ ಮೇಲಿರುವ ಗಾಲಿಗೂ ಅಷ್ಟೇ ಕಡಿಮೆ ಬಲ ಸಿಗುತ್ತದೆ. ಜಾರುವ ಗಾಲಿ ಗರಗರ ತಿರುಗುತ್ತದೆ, ಗಟ್ಟಿ ನೆಲದ ಗಾಲಿ ನೋಡುತ್ತ ನಿಲ್ಲುತ್ತದೆ. ಈ ದೋಷವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾರ್ಕಳದವರಿಗೆ ಭಾರ ಹೊರುವ ಅಚ್ಚಿನ ಕಥೆ ಹೊಸತಲ್ಲ. 1432ರ ಫೆಬ್ರವರಿ 13ರಂದು ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಗೊಮ್ಮಟ, ನಿಂತ ಜಾಗದ ಬಂಡೆಯಲ್ಲೇ ಕಡೆದದ್ದಲ್ಲ. ಶ್ರವಣಬೆಳಗೊಳದ್ದಕ್ಕಿಂತ ಇದು ಬೇರೆಯಾಗುವುದು ಇಲ್ಲೇ. ಮೂರ್ತಿಯನ್ನು ಬೇರೆ ಕಡೆ ಕಡೆದು, ಬಂಡಿಯ ಮೇಲೇರಿಸಿ, ಜನ ಸೇರಿ ಗುಡ್ಡಕ್ಕೆ ಎಳೆದ ಕಥೆಯನ್ನು ಚಂದ್ರಮ ಕವಿ 'ಕಾರ್ಕಳದ ಗೊಮ್ಮಟೇಶ್ವರ ಚರಿತೆ'ಯಲ್ಲಿ ಹೇಳಿದ್ದಾನೆ. ನಾವು ಶಾಲೆಯಿಂದ ಪ್ರವಾಸಕ್ಕೆಂದು ಆ ಮೆಟ್ಟಿಲು ಹತ್ತುವಾಗ ಮೂರ್ತಿಯ ಮುಖ ನೋಡಿದ್ದೇವೆಯೇ ಹೊರತು ಬಂಡೆಗಲ್ಲಿನ ಆ ಇಳಿಜಾರಿನಲ್ಲಿ ಬಂಡಿ ಹೇಗೆ ಏರಿತು ಅಂತ ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಅಪ್ಪನಿಗೆ ಮಾತ್ರ ಅಂಥದ್ದೊಂದನ್ನು ಕಣ್ಣಾರೆ ನೋಡುವ ಭಾಗ್ಯ ಸಿಕ್ಕಿತ್ತು. ಧರ್ಮಸ್ಥಳದ ಬಾಹುಬಲಿಯನ್ನು ಕಡೆದದ್ದೂ ಕಾರ್ಕಳದಲ್ಲೇ, ಮಂಗಲಪಾದೆಯಲ್ಲಿ. ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ. 39 ಅಡಿ ಎತ್ತರ, ಸುಮಾರು 175 ಟನ್ ಭಾರ. 1973ರಲ್ಲಿ ಅದನ್ನು ಟ್ರಾಲಿಯ ಮೇಲೆ ಮಲಗಿಸಿ ಧರ್ಮಸ್ಥಳಕ್ಕೆ ಒಯ್ದರು. ಅಪ್ಪನಿಗೆ ಆಗ ಹದಿಮೂರು ವರ್ಷ. ಅಜ್ಜನ ಕೈ ಹಿಡಿದು ನೋಡಲು ಹೋಗಿದ್ದರಂತೆ. "ದೇವರ ಮುಖ ಕಾಣಲಿಲ್ಲ, ಅಷ್ಟು ಜನ. ನಾನು ಗಾಲಿ ಎಣಿಸಿದೆ. ಲೆಕ್ಕ ತಪ್ಪಿತು, ಪುನಃ ಎಣಿಸಿದೆ, ಪುನಃ ತಪ್ಪಿತು" ಎನ್ನುತ್ತಾರೆ. ಅರುವತ್ತನಾಲ್ಕು ಗಾಲಿ ಎಂದು ಊರಿನ ಹಿರಿಯರೆಲ್ಲ ಹೇಳುತ್ತಾರೆ. ಭಾರ ಹೆಚ್ಚಾದಷ್ಟೂ ಗಾಲಿ ಹೆಚ್ಚು, ನಡಿಗೆ ನಿಧಾನ. ಅಪ್ಪನಿಗೆ ಅಂದು ಹತ್ತಿದ ಗಾಲಿಯ ಹುಚ್ಚು ಇಳಿಯಲೇ ಇಲ್ಲ ಅಂತ ಅಮ್ಮನ ಅಭಿಪ್ರಾಯ.

ಎತ್ತಿನಗಾಡಿಗೂ ಜೀಪಿಗೂ ನಡುವೆ ನಮ್ಮಲ್ಲಿ ಬಸ್ಸು ಬಂತು. ಕರಾವಳಿಯ ಬಸ್ಸುಗಳೆಂದರೆ ಇವತ್ತಿಗೂ ಖಾಸಗಿಯವರದ್ದು. ಈ ಸಂಪ್ರದಾಯದ ಬೇರು ಹಿಡಿದು ಹೋದರೆ ಸಿ.ಪಿ.ಸಿ., ಅಂದರೆ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಸಿಗುತ್ತದೆ. ಅದನ್ನು ಬೆಳೆಸಿದ ವಿ.ಎಸ್. ಕುಡ್ವರ ಹೆಸರು 'ನವಭಾರತ' ಪತ್ರಿಕೆಯಿಂದಾಗಿಯೂ ಕೆಲವರಿಗೆ ಗೊತ್ತಿರಬಹುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದು, ಬಸ್ಸುಗಳ ಬೆನ್ನಿಗೆ ಒಲೆ ಕಟ್ಟಿ ಇದ್ದಿಲಿನ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಬಿಡಿಭಾಗಗಳು ಹಡಗಿನಲ್ಲಿ ಬರಬೇಕಿದ್ದ ಕಾಲ, ಹಡಗುಗಳೆಲ್ಲ ಯುದ್ಧಕ್ಕೆ ಹೋಗಿದ್ದವು. ಮುರಿದದ್ದನ್ನು ಇಲ್ಲೇ ಮಾಡಿಕೊಳ್ಳಬೇಕು. ಆ 1940ರ ದಶಕದಲ್ಲೇ ಮಂಗಳೂರಿನಲ್ಲಿ ಕುಡ್ವರ ಕೆನರಾ ವರ್ಕ್‌ಶಾಪ್ಸ್ ಹುಟ್ಟಿತು. ಮುಂದೆ ಅದರ 'ಕೆನರಾ ಸ್ಪ್ರಿಂಗ್ಸ್' ಪಟ್ಟಾಗಳು ಲಾರಿಯವರ ಬಾಯಲ್ಲಿ ಮನೆಮಾತಾದವು. ಪಟ್ಟಾ ಅಂದರೆ ಅಚ್ಚನ್ನು ಗಾಡಿಯ ಮೈಗೆ ಕಟ್ಟಿಡುವ ಉಕ್ಕಿನ ಹಲಗೆಗಳ ಕಟ್ಟು. ರಸ್ತೆಯ ಹೊಂಡದ ಪೆಟ್ಟು ಮೊದಲು ತಿನ್ನುವುದು ಅದು. ನಮ್ಮ ಜಿಲ್ಲೆ ಸ್ಪ್ರಿಂಗಿಗೆ ಹೆಸರಾದದ್ದು ಸುಮ್ಮನೆ ಅಲ್ಲ, ರಸ್ತೆ ಹಾಗಿತ್ತು ಅಂತ ನನ್ನ ಗುಮಾನಿ.

ಇನ್ನು ಜೀಪು. 1940ರ ಜುಲೈಯಲ್ಲಿ ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಬರೆಯಿತು: ಹಗುರವಾದ, ನಾಲ್ಕೂ ಗಾಲಿ ಎಳೆಯುವ ಸಣ್ಣ ಗಾಡಿ ಬೇಕು, 49 ದಿನದಲ್ಲಿ ಮಾದರಿ ಕೊಡಬೇಕು. ನಮ್ಮ ಆಫೀಸಿನ ಡೆಡ್‌ಲೈನುಗಳೇ ವಾಸಿ. ಬ್ಯಾಂಟಮ್ ಎಂಬ ಪುಟ್ಟ ಕಂಪನಿ ಕೊಟ್ಟೇಬಿಟ್ಟಿತು. ಅಷ್ಟು ಬೇಗ ಹೇಗೆ ಸಾಧ್ಯವಾಯಿತು? ಅಚ್ಚನ್ನು ಹೊಸದಾಗಿ ಮಾಡುತ್ತ ಕೂರಲಿಲ್ಲ. ಸ್ಟುಡಿಬೇಕರ್ ಚಾಂಪಿಯನ್ ಕಾರಿನ ಅಚ್ಚನ್ನೇ ಸ್ಪೈಸರ್ ಕಂಪನಿ ಮಾರ್ಪಾಡು ಮಾಡಿಕೊಟ್ಟಿತು. ಅಂದರೆ ಜೀಪು ಹುಟ್ಟಿದ್ದೇ ಅಚ್ಚಿನ ಅಪ್‌ಗ್ರೇಡಿನಿಂದ! ಮುಂದೆ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು.

ಯುದ್ಧ ಮುಗಿದಾಗ ಭಾರತದಲ್ಲಿ ಉಳಿದ ಜೀಪುಗಳು ಹರಾಜಾದವು. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಶುರುವಾದ ಮಹೀಂದ್ರ ಆ್ಯಂಡ್ ಮೊಹಮ್ಮದ್ ಕಂಪನಿ 1947ರಲ್ಲಿ ವಿಲ್ಲಿಸ್ ಜೀಪಿನ ಕೆಲಸಕ್ಕೆ ಕೈ ಹಾಕಿತು. ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಮೊದಲ ಹಣಕಾಸು ಮಂತ್ರಿಯಾದರು, 1948ರಲ್ಲಿ ಕಂಪನಿ ಮಹೀಂದ್ರ ಆ್ಯಂಡ್ ಮಹೀಂದ್ರ ಆಯಿತು. ಮುಂಬೈಯ ಮಜಗಾಂವ್‌ನಲ್ಲಿ ಜೀಪು ಜೋಡಣೆ ಶುರುವಾಯಿತು. 1953ರಲ್ಲಿ ವಿಲ್ಲಿಸ್ ತಂದ ಸಿಜೆ-3ಬಿ ಎಂಬ ಮಾದರಿಯೇ ನಮ್ಮ ದೇಶದ ಕಣ್ಣಿಗೆ 'ಜೀಪು'. 2.2 ಲೀಟರಿನ ಹರಿಕೇನ್ ಎಂಜಿನ್ ಎತ್ತರವಾಗಿದ್ದ ಕಾರಣ ಬಾನೆಟ್ಟನ್ನು ಎತ್ತರಿಸಿದರು, ಅದಕ್ಕೇ ಆ ಉಬ್ಬಿದ ಎದೆ. 1968ರಲ್ಲಿ ಅಮೆರಿಕ ಈ ಮಾದರಿಯನ್ನು ನಿಲ್ಲಿಸಿತು. ಇಲ್ಲಿ ಮಾತ್ರ ಅದು ಮುಂದೆಯೂ ಬಹಳ ವರ್ಷ ನಡೆಯಿತು. ನಮ್ಮ ಅಜ್ಜನ ಜೀಪೂ 1968ರ ಮಾಡೆಲ್. ಘಟ್ಟದ ಮೇಲಿನ ಕಾಫಿ ತೋಟದವರೊಬ್ಬರಿಂದ 1979ರಲ್ಲಿ ಸೆಕೆಂಡ್‌ಹ್ಯಾಂಡ್ ತೆಗೆದುಕೊಂಡದ್ದು.

ನಮ್ಮ ಮನೆ ಇರುವುದು ಬಜಗೋಳಿಯಿಂದ ಒಳಗೆ. ಅಲ್ಲಿಂದ ಮಾಳ ದಾಟಿ ಘಟ್ಟ ಹತ್ತಿದರೆ ಎಸ್.ಕೆ. ಬಾರ್ಡರ್. ಸೌತ್ ಕೆನರಾ ಗಡಿ. 1956ರವರೆಗೆ ನಾವು ಮದ್ರಾಸ್ ರಾಜ್ಯ, ಘಟ್ಟದ ಮೇಲಿನವರು ಮೈಸೂರು. ರಾಜ್ಯ ಒಂದಾಯಿತು, 1997ರಲ್ಲಿ ಕಾರ್ಕಳ ಉಡುಪಿ ಜಿಲ್ಲೆಗೆ ಸೇರಿತು, ಸೌತ್ ಕೆನರಾ ಎಂಬ ಹೆಸರೇ ಹೋಯಿತು, ಆದರೂ ಬಸ್ಸಿನವರು ಇನ್ನೂ "ಎಸ್ಕೆ ಬಾರ್ಡರ್, ಎಸ್ಕೆ ಬಾರ್ಡರ್" ಎಂದೇ ಕೂಗುತ್ತಾರೆ. ಹೆದ್ದಾರಿಯಿಂದ ನಮ್ಮ ಮನೆಗೆ ಒಂದು ಕಿಲೋಮೀಟರ್ ಮಣ್ಣಿನ ದಾರಿ. ಕೊನೆಯ ಇನ್ನೂರು ಮೀಟರ್ ಕೆಮ್ಮಣ್ಣಿನ ಏರು, ಎರಡೂ ಬದಿ ದರೆ. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಸಾಬೂನು.

ಆ ಏರಿಗೆ ಉತ್ತರವಾಗಿ ಜೀಪಿನ ಅಚ್ಚಿನೊಳಗೆ ಎರಡು ಗೇರುಗಳಿವೆ. ಎಂಜಿನ್ನಿನಿಂದ ಬರುವ ಶಾಫ್ಟಿನ ತುದಿಯಲ್ಲಿ ಪಿನಿಯನ್, 8 ಹಲ್ಲು. ಅದು ತಿರುಗಿಸುವ ದೊಡ್ಡ ಬಳೆಯೇ ಕ್ರೌನ್, 43 ಹಲ್ಲು. ನಲವತ್ತಮೂರನ್ನು ಎಂಟರಿಂದ ಭಾಗಿಸಿದರೆ 5.38. ಅಂದರೆ ಶಾಫ್ಟು ಐದು ಸುತ್ತು ಮೀರಿ ತಿರುಗಿದಾಗ ಗಾಲಿ ಒಂದು ಸುತ್ತು ತಿರುಗುತ್ತದೆ. ಬಲ ಐದು ಪಟ್ಟು ಹೆಚ್ಚು, ವೇಗ ಐದು ಪಟ್ಟು ಕಡಿಮೆ. ಯಾವತ್ತೋ ಯಾರೋ ಒಬ್ಬ ಎಂಜಿನಿಯರ್, ಈ ಗಾಡಿ ಹೋಗುವ ಕಡೆ ರಸ್ತೆ ಇರುವುದಿಲ್ಲ ಎಂದು ಊಹಿಸಿ ಆರಿಸಿದ ಅಂಕಿ ಅದು. ಅವನ ಊಹೆ ನಮ್ಮ ಮನೆಯ ಮಟ್ಟಿಗಂತೂ ಸರಿಯಾಗಿತ್ತು.

ನನಗೆ ಆ ಅಂಕಿ ಕಿರಿಕಿರಿಯಾದದ್ದು ಹೆದ್ದಾರಿಯಲ್ಲಿ. ತಿಂಗಳಿಗೊಮ್ಮೆ ಊರಿಗೆ ಹೋಗುವವನು ನಾನು. ಶನಿವಾರ ಜೀಪು ತೆಗೆದುಕೊಂಡು ಪಡುಬಿದ್ರಿ ಕಡಲಿಗೆ ಹೊರಟರೆ ಅರುವತ್ತಕ್ಕೇ ಎಂಜಿನ್ ಅರಚುತ್ತದೆ. ಲೆಕ್ಕ ಹಾಕಿದೆ. ಟೈರಿನ ಸುತ್ತಳತೆ ಹೆಚ್ಚುಕಡಿಮೆ 2.2 ಮೀಟರ್. ಗಂಟೆಗೆ 80 ಕಿ.ಮೀ. ಹೋಗಬೇಕಾದರೆ ಎಂಜಿನ್ ನಿಮಿಷಕ್ಕೆ ಸುಮಾರು 3,250 ಸುತ್ತು ತಿರುಗಬೇಕು. ಕ್ರೌನ್-ಪಿನಿಯನ್ ಬದಲಿಸಿ 3.73ರ ಸೆಟ್ ಹಾಕಿದರೆ 2,260 ಸಾಕು. ಎಕ್ಸೆಲ್ ಶೀಟಿನಲ್ಲಿ ಎಷ್ಟು ಚಂದ ಕಾಣುತ್ತದೆ ಅಂದರೆ, ಅದೇ ವಾರ ಜೆ.ಸಿ. ರಸ್ತೆಗೆ ಹೋಗಿ 41 ಹಲ್ಲಿನ ಕ್ರೌನ್, 11 ಹಲ್ಲಿನ ಪಿನಿಯನ್ ಕೊಂಡುಬಿಟ್ಟೆ. ಅಂಗಡಿಯವರು "ಕೇರಿಯರ್ ಯಾವುದು ಸಾರ್?" ಕೇಳಿದರು. ನನಗೆ ಗೊತ್ತಿರಲಿಲ್ಲ. "ಅದೆಲ್ಲ ಇದೆ" ಅಂದೆ. ಇಂಟರ್ವ್ಯೂಗಳಲ್ಲಿ ಬಂದ ಅಭ್ಯಾಸ.

ಮೇ ತಿಂಗಳಲ್ಲಿ ಒಂದು ವಾರ ರಜೆ ಹಾಕಿದೆ. ಅಡಿಕೆ ಒಣಗಿಸುವ ಅಂಗಳದಲ್ಲಿ ಜೀಪಿನ ಹಿಂಭಾಗ ಎತ್ತಿ, ಚಾಸಿಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟೆವು. ಜೊತೆಗೆ ಊರಿನ ಮೇಸ್ತ್ರಿ. ಅರುವತ್ತು ದಾಟಿದ ಮೆಕ್ಯಾನಿಕ್, ಎಲ್ಲರಿಗೂ ಮೇಸ್ತ್ರಿಯೇ. ಅಪ್ಪ ಚಾವಡಿಯಲ್ಲಿ ಕೂತು ನೋಡುತ್ತಿದ್ದರು. "ಸರಿ ಉಂಟಲ್ಲ ಅದು, ಯಾಕೆ ಬಿಚ್ಚುವುದು?" ಎಂದು ಒಂದೇ ಸಲ ಕೇಳಿದರು. ನಾನು ಆರ್‌ಪಿಎಂ ವಿವರಿಸಿದೆ. ಅವರು ಹೂಂ ಅಂದರು.

ಈ ಜೀಪಿನಲ್ಲಿ ಗಾಲಿಯ ಹಬ್ಬು ಓರೆಯಾದ ಶಾಫ್ಟಿನ ಮೇಲೆ ಕೀಲಿ ಹಾಕಿ ಕೂತಿರುತ್ತದೆ. ನಟ್ಟು ಬಿಚ್ಚಿದ ಮಾತ್ರಕ್ಕೆ ಬರುವುದಿಲ್ಲ, ಪುಲ್ಲರ್ ಬಿಗಿಯಬೇಕು, ಕಾಯಬೇಕು, ಬಡಿಯಬೇಕು. ಕೊನೆಗೆ ಕೋವಿಯ ಶಬ್ದ ಮಾಡಿ ಕಳಚಿಕೊಂಡಾಗ ಹಟ್ಟಿಯ ದನಗಳು ಎದ್ದು ನಿಂತವು. ಶಾಫ್ಟುಗಳನ್ನು ಹೊರಗೆಳೆದು, ಹಿಂದಿನ ಮುಚ್ಚಳ ತೆಗೆದು, ಕಪ್ಪು ಎಣ್ಣೆ ಬಸಿದು, ಒಳಗಿನ ಕೇರಿಯರನ್ನು ಸನ್ನೆಕೋಲಿನಿಂದ ಎಬ್ಬಿಸಿದೆವು. ಬೇರಿಂಗ್ ಕ್ಯಾಪುಗಳಿಗೆ ಎಡ, ಬಲ ಗುರುತು ಹಾಕಬೇಕು, ಅದಲು ಬದಲಾದರೆ ಸರಿಯಾಗಿ ಕೂರುವುದಿಲ್ಲ. ಹಳೆಯ ಕ್ರೌನು, ಪಿನಿಯನ್ನು, ಅವುಗಳ ಕಾಗದದಷ್ಟು ತೆಳುವಾದ ಶಿಮ್ಮುಗಳನ್ನೆಲ್ಲ ಮೇಸ್ತ್ರಿ ಒಂದೇ ತಂತಿಯಲ್ಲಿ ಕಟ್ಟಿದರು. "ಇವು ಜೋಡಿಯಾಗಿ ಸವೆದದ್ದು. ಜೋಡಿ ತಪ್ಪಿಸಬಾರದು" ಎಂದರು. ನಾನು, ಇನ್ನು ಇದು ಯಾಕೆ, ಗುಜರಿಗೆ ಹಾಕಿದರಾಯಿತು ಅಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ, ಪುಣ್ಯ.

ಆಮೇಲೆ ನನ್ನ ಹೊಸ ಕ್ರೌನನ್ನು ಹಳೆಯ ಕೇರಿಯರಿಗೆ ಹಿಡಿದು ನೋಡಿದ ಮೇಸ್ತ್ರಿ ನಕ್ಕರು. ಡಾನಾ 44ರಲ್ಲಿ 3.73ಕ್ಕೂ ಅದಕ್ಕಿಂತ ಕಡಿಮೆಗೂ ಒಂದು ಕೇರಿಯರ್, 3.92ರಿಂದ ಮೇಲಕ್ಕೆ ಇನ್ನೊಂದು. ನಮ್ಮದು ಎರಡನೆಯದ್ದು. ಅಂಗಡಿಯವರು ಕೇಳಿದ ಪ್ರಶ್ನೆ ಇದೇ ಆಗಿತ್ತು. ನಾಚಿಕೆಯಾಯಿತು. ಮೇಸ್ತ್ರಿ ಎಲ್ಲೆಲ್ಲಿಗೋ ಫೋನ್ ಮಾಡಿ ಮಂಗಳೂರಿನಿಂದ 4.27ರ ಸೆಟ್ ತರಿಸಿದರು, 47 ಹಲ್ಲು, 11 ಹಲ್ಲು. ಹಳೆಯ ಕೇರಿಯರಿಗೇ ಕೂರುವಂಥದ್ದು. ಎರಡು ದಿನ ಪಿನಿಯನ್ ಆಳ ನೋಡುವುದು, ಶಿಮ್ ಹಾಕುವುದು, ತೆಗೆಯುವುದು. ಹಲ್ಲಿಗೆ ನೀಲಿ ಬಣ್ಣ ಸವರಿ ತಿರುಗಿಸಿ ಗುರುತು ಎಲ್ಲಿ ಬೀಳುತ್ತದೆ ನೋಡುವುದು. ಹಲ್ಲು ಹಲ್ಲಿನ ನಡುವಿನ ಸಡಿಲ 0.15 ಮಿಲಿಮೀಟರಿನ ಆಸುಪಾಸು ಇರಬೇಕು, ಎರಡು ಕೂದಲಿನಷ್ಟು. ಜಾಸ್ತಿಯಾದರೆ ಗಡಗಡ, ಕಡಿಮೆಯಾದರೆ ಬಿಸಿಯೇರಿ ಹಲ್ಲು ಹಾಳು.

ಕೊನೆಯಲ್ಲಿ ಮೇಸ್ತ್ರಿ ಕೇಳಿದರು, "ಎದುರಿನದ್ದು?"

ನಾಲ್ಕು ಗಾಲಿಯ ಜೀಪಿನಲ್ಲಿ ಹಿಂದಿನ ಅಚ್ಚು 4.27 ಆಗಿ ಮುಂದಿನದ್ದು 5.38 ಉಳಿದರೆ, ಫೋರ್ ವೀಲ್ ಹಾಕಿದ ಕೂಡಲೇ ಎರಡು ಅಚ್ಚುಗಳೂ ಜಗಳಕ್ಕೆ ನಿಲ್ಲುತ್ತವೆ. ಒಂದು ಓಡು ಎನ್ನುತ್ತದೆ, ಇನ್ನೊಂದು ನಿಲ್ಲು ಎನ್ನುತ್ತದೆ. ಮುಂದಿನದ್ದಕ್ಕೂ ಹೊಂದುವ ಸೆಟ್ ಹುಡುಕಬೇಕು, ಪುನಃ ಒಂದು ವಾರದ ಕೆಲಸ. ನನ್ನ ರಜೆ ಮುಗಿದಿತ್ತು. "ಸದ್ಯಕ್ಕೆ ಎದುರಿನ ಪ್ರೊಪೆಲ್ಲರ್ ಶಾಫ್ಟ್ ತೆಗೆದಿಡುವ, ಮುಂದಿನ ಸಲ ಬಂದಾಗ ನೋಡುವ" ಎಂದೆ. ಸಾಫ್ಟ್‌ವೇರಿನವರಿಗೆ ಈ ವಾಕ್ಯದ ಅರ್ಥ ಚೆನ್ನಾಗಿ ಗೊತ್ತು. ಮುಂದಿನ ಸಲ ಎನ್ನುವುದು ಬರುವುದಿಲ್ಲ.

ಹೊಸ ಗೇರು ಹದಕ್ಕೆ ಬರಲಿ ಅಂತ ಎರಡು ದಿನ ಮೆಲ್ಲಗೆ ಓಡಿಸಿ, ಭಾನುವಾರ ಬೆಳಿಗ್ಗೆ ಬೆಳ್ಮಣ್ ದಾಟಿ ಪಡುಬಿದ್ರಿಗೆ ಹೋದೆ. ಎಂಬತ್ತಕ್ಕೂ ಎಂಜಿನ್ ಅರಚಲಿಲ್ಲ. ಐವತ್ತು ವರ್ಷದ ಗಾಡಿ ಮೊದಲ ಸಲ ಉಸಿರು ಬಿಟ್ಟ ಹಾಗೆ ಅನ್ನಿಸಿತು. ಆ ಖುಷಿ ಸುಳ್ಳಲ್ಲ, ಈಗಲೂ ಅಲ್ಲಗಳೆಯುವುದಿಲ್ಲ.

ಆ ವರ್ಷ ಕೆಲಸದ ಒತ್ತಡದಲ್ಲಿ ಜೂನ್, ಜುಲೈ, ಆಗಸ್ಟ್ ಊರಿಗೆ ಹೋಗಲೇ ಇಲ್ಲ. ಫೋನಿನಲ್ಲಿ ಜೀಪು ಹೇಗುಂಟು ಕೇಳಿದರೆ ಅಪ್ಪ "ಉಂಟು" ಎನ್ನುತ್ತಿದ್ದರು. ಚೌತಿಗೆ ಹೋದಾಗ ನೋಡಿದೆ, ಜೀಪು ಮನೆಯಲ್ಲಿಲ್ಲ. ಏರಿನ ಬುಡದಲ್ಲಿ, ಹಲಸಿನ ಮರದ ಕೆಳಗೆ ತಾಡಪಾಲು ಹೊದ್ದು ನಿಂತಿತ್ತು. ಅಮ್ಮ ಹೇಳಿದರು. ಜೂನಿನ ಮೊದಲ ಮಳೆಗೇ ಏರು ಹತ್ತಲಿಲ್ಲವಂತೆ. ಎಳೆಯುವ ಬಲದಲ್ಲಿ ಐದರಲ್ಲಿ ಒಂದು ಪಾಲನ್ನು ನಾನು ತೆಗೆದಿದ್ದೆ. ಮುಂದಿನ ಎರಡು ಗಾಲಿಗಳ ಸಹಾಯವನ್ನೂ ತೆಗೆದಿದ್ದೆ. ಉಳಿದದ್ದು ಹಿಂದಿನ ಎರಡು ಗಾಲಿ, ಅದರಲ್ಲೂ ಜಾರುವ ಗಾಲಿಯ ಎದುರು ಪೆಕ್ಯೂರನ ಡಿಫರೆನ್ಶಿಯಲ್ ಕೈಚೆಲ್ಲುತ್ತದೆ. ಅಪ್ಪ ಮೂರು ಸಲ ಪ್ರಯತ್ನ ಮಾಡಿ, ಜೀಪನ್ನು ಹಿಂದಕ್ಕೆ ಬಿಟ್ಟು ಕೆಳಗೆ ನಿಲ್ಲಿಸಿದರು. ಆಮೇಲೆ ಮೂರು ತಿಂಗಳು ದನದ ಹಿಂಡಿ, ಗೊಬ್ಬರದ ಚೀಲ, ಗ್ಯಾಸ್ ಸಿಲಿಂಡರ್, ಎಲ್ಲವನ್ನೂ ಆ ಇನ್ನೂರು ಮೀಟರ್ ಹೊತ್ತೇ ತಂದರು. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನನ್ನೂ ಹೊತ್ತೇ ಇಳಿಸಿದರು. ಅರುವತ್ತರ ಮೇಲಿನ ಮನುಷ್ಯ.

"ಹೇಳಬಾರದಿತ್ತಾ?" ಎಂದೆ.

"ನಿನಗೆ ಕೆಲಸ ಇತ್ತಲ್ಲ" ಅಂದರು ಅಪ್ಪ. ಬೈದಿದ್ದರೆ ಸುಲಭವಾಗುತ್ತಿತ್ತು.

ಆಫೀಸಿನಲ್ಲಿ ನಾವು ಒಂದು ಸಣ್ಣ ಬಟನ್ ಜಾಗ ಬದಲಿಸಬೇಕಾದರೂ ಬಳಸುವವರನ್ನು ಕೇಳುತ್ತೇವೆ. ಇಲ್ಲಿ ತಿಂಗಳಲ್ಲಿ ಎರಡು ದಿನ ಓಡಿಸುವವನು ನಾನು, ಇಪ್ಪತ್ತೆಂಟು ದಿನ ಓಡಿಸುವವರು ಅಪ್ಪ. ಅವರು ಒಂದೇ ಪ್ರಶ್ನೆ ಕೇಳಿದ್ದರು, ನಾನು ಅದಕ್ಕೆ ಹೆದ್ದಾರಿಯ ಉತ್ತರ ಕೊಟ್ಟಿದ್ದೆ. 5.38 ಎನ್ನುವುದು ಹಳೆಯ ತಂತ್ರಜ್ಞಾನ ಅಂದುಕೊಂಡಿದ್ದೆ. ಅದು ನಮ್ಮ ಮನೆಯ ದಾರಿಯ ಅಳತೆಯಾಗಿತ್ತು. ಅಜ್ಜ ಆ ಜೀಪನ್ನು ಘಟ್ಟದವರಿಂದಲೇ ಕೊಂಡದ್ದೂ ಅದಕ್ಕೇ ಇರಬೇಕು. ದಾರಿ ಬದಲಾಗದೆ ಅಚ್ಚು ಮಾತ್ರ ಬದಲಾದರೆ ಉಳಿದ ಭಾರ ಯಾರದ್ದೋ ಹೆಗಲಿಗೆ ಬರುತ್ತದೆ. ಈ ಸಲ ಬಂದದ್ದು ಅಪ್ಪನ ಹೆಗಲಿಗೆ.

ನವರಾತ್ರಿಯ ರಜೆಯಲ್ಲಿ ಪುನಃ ಬಿಚ್ಚಿದೆವು. ಮೇಸ್ತ್ರಿ ತಂತಿಯಲ್ಲಿ ಕಟ್ಟಿಟ್ಟ ಹಳೆಯ ಜೋಡಿ ಕೊಟ್ಟಿಗೆಯ ಅಟ್ಟದಲ್ಲಿ ಹಾಗೆಯೇ ಇತ್ತು. ಈ ಸಲ ಅಪ್ಪ ಚಾವಡಿಯಲ್ಲಿ ಕೂರಲಿಲ್ಲ. ಟಾರ್ಚ್ ಹಿಡಿದು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. ಅದೇ ಶಿಮ್ಮುಗಳನ್ನು ಅದೇ ಜಾಗಕ್ಕೆ ಹಾಕಿ ನೀಲಿ ಬಣ್ಣ ಸವರಿ ತಿರುಗಿಸಿದರೆ, ಗುರುತು ಹಲ್ಲಿನ ನಟ್ಟನಡುವೆ ಬಿತ್ತು. ಮುಂದಿನ ಶಾಫ್ಟನ್ನೂ ಜೋಡಿಸಿದೆವು. ಆಯುಧಪೂಜೆಯ ದಿನ ಅಪ್ಪ ಜೀಪು ಹತ್ತಿಸಿದರು. ಹಿಂದಿನ ರಾತ್ರಿ ಮಳೆ ಬಂದು ಏರು ಸಾಬೂನಾಗಿತ್ತು. ಫೋರ್ ವೀಲ್ ಹಾಕಿ, ಅರಚಿಕೊಂಡು, ಮೆಲ್ಲಗೆ, ಎಲ್ಲೂ ನಿಲ್ಲದೆ ಅಂಗಳಕ್ಕೆ ಬಂತು.

ಟೀಮಿನ ಹುಡುಗನಿಗೆ ಒಂದು ದಿನ ಇದನ್ನು ಹೇಳಬೇಕು. ಚಾರ್ಜರಿನ ಆ್ಯಕ್ಸಲ್ ಬದಲಿಸುವವನು ಕಾಲು ಮೈಲಿಯ ನೇರ ರಸ್ತೆ ನೋಡಿ ಬದಲಿಸುತ್ತಾನೆ, ಅದೂ ಸರಿಯೇ. ಅವನ ದಾರಿ ಅದು.

4.27ರ ಸೆಟ್ಟನ್ನು ಗ್ರೀಸ್ ಸವರಿ, ಜೋಡಿ ತಪ್ಪದಂತೆ ತಂತಿ ಕಟ್ಟಿ, ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದ್ದೇನೆ. ನಮ್ಮ ಏರಿಗೆ ಕಾಂಕ್ರೀಟ್ ಹಾಕಿಸಬೇಕೆಂದು ಪಂಚಾಯತಿಗೆ ಅರ್ಜಿ ಕೊಟ್ಟದ್ದು ನಾನೇ. ಮೊನ್ನೆ ಫೋನಿನಲ್ಲಿ ಅಪ್ಪನೇ ಮಾತು ತೆಗೆದರು, "ರಸ್ತೆ ಆಗಲಿ ಮಾರಾಯ, ಆಮೇಲೆ ಹಾಕುವ ಅದನ್ನು. ಎರಡಕ್ಕೂ ಒಟ್ಟಿಗೆ."